ಯಾವ "ಆಯ್ತು"?

ನಾನು ಬಿಎಸ್ಸಿ ಓದುವಾಗ ಬೆಂಗಳೂರಿನ ವಿಮಾನಗಳೆಲ್ಲಾ ಇನ್ನೂ ಎಚ್ಎಎಲ್ ಏರ್‌ಪೋರ್ಟಿಗೇ ಬರ್ತಿದ್ವು, ದೇವನಹಳ್ಳಿದು ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ನಮ್ಮ ಲ್ಯಾಬ್ ಮೇಲೆ ವಿಮಾನ ಹೋದ್ರೆ ಫಿಸಿಕ್ಸ್ ಸರ್ ಮಾತು ನಿಲ್ಲಿಸೋರು, ಸದ್ದು ಪೂರ್ತಿ ಹೋದ್ಮೇಲೆ ಆ ವಾಕ್ಯಾನ ಮೊದಲಿಂದ ಹೇಳೋರು, ಅರ್ಧದಿಂದ ಮುಂದುವರಿಸಿದ್ದು ನಾನು ನೋಡೇ ಇಲ್ಲ.

ಸೆಕೆಂಡ್ ಇಯರಲ್ಲಿ ಒಂದಿನ ಸೋಡಿಯಂ ಲ್ಯಾಂಪಿನ ವೈರ್ ಲೂಸ್ ಆಗಿತ್ತು, ನಾನು ಪಾರ್ಟ್ನರಿಗೆ "ಮೇನ್ ಆಫ್ ಮಾಡೋ" ಅಂದೆ, ಅವನು "ಆಯ್ತು" ಅಂದ, ಆಫ್ ಮಾಡಿದ್ದಾನೆ ಅಂದ್ಕೊಂಡು ನಾನು ವೈರ್ ಮುಟ್ಟಿದೆ, ಅವನು ಹೇಳಿದ್ದು "ಮಾಡ್ತೀನಿ" ಅನ್ನೋ ಆಯ್ತು, ನಾನು ಕೇಳಿಸ್ಕೊಂಡಿದ್ದು "ಮಾಡಿ ಆಯ್ತು". ಶಾಕ್ ಹೊಡೆದು ಕೈ ಸಂಜೆವರೆಗೂ ಜೋಮು ಹಿಡಿದಿತ್ತು. ಸರ್ ಇಬ್ಬರಿಗೂ ಬೈಲಿಲ್ಲ. ಮಾರನೇ ದಿನದಿಂದ ಅವರ ಲ್ಯಾಬಲ್ಲಿ "ಆಯ್ತು", "ಸರಿ" ಎರಡೂ ಬಂದ್! ಏನು ಹೇಳಿದ್ರೋ ಅದನ್ನೇ ತಿರುಗಿ ಹೇಳ್ಬೇಕು, "ಮೇನ್ ಆಫ್ ಮಾಡಿದ್ದೀನಿ" ಅಂತ. ರೀಡಿಂಗ್ ಕೂಗಿ ಬರೆಸುವಾಗ್ಲೂ ಎಂಬತ್ತು, ತೊಂಬತ್ತು ಅನ್ನೋ ಹಾಗಿಲ್ಲ, ಎಂಟು ಸೊನ್ನೆ, ಒಂಬತ್ತು ಸೊನ್ನೆ ಅನ್ನಬೇಕು.

ಆಮೇಲೆ ನಾನು ಏರ್ ಟ್ರಾಫಿಕ್ ಕಂಟ್ರೋಲರ್ ಆದೆ, ಪೈಲಟ್‌ಗಳಿಗೆ ರೇಡಿಯೋದಲ್ಲಿ ಯಾವಾಗ ಹಾರಬೇಕು, ಇಳೀಬೇಕು, ನಿಲ್ಲಬೇಕು ಅಂತ ಹೇಳೋ ಕೆಲಸ. ಅಲಹಾಬಾದಲ್ಲಿ ಟ್ರೈನಿಂಗ್ ಮಾಡುವಾಗ ಸ್ಪೇನಿನ ಟೆನೆರೀಫ್ ದ್ವೀಪದಲ್ಲಾದ ವಿಮಾನ ಆಕ್ಸಿಡೆಂಟ್ ಪಾಠಕ್ಕೆ ಬಂತು. 1977ರ ಮಾರ್ಚ್ 27, ರನ್‌ವೇ ಮೇಲೆ ಮಂಜು, ಅದೇ ರನ್‌ವೇಲಿ ಎರಡು ಜಂಬೋ ಜೆಟ್, ಒಂದು ಡಚ್ ಕಂಪನಿ ಕೆಎಲ್ಎಂದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್‌ದು. ಕೆಎಲ್ಎಂ ವಿಮಾನದಿಂದ "ವಿ ಆರ್ ನೌ ಅಟ್ ಟೇಕಾಫ್" ಅಂತ ಬಂತು, ಟೇಕಾಫಿಗೆ ರೆಡಿಯಾಗಿ ನಿಂತಿದ್ದಾರೆ ಅಂದ್ಕೊಂಡು ಕಂಟ್ರೋಲರ್ "ಓಕೆ" ಅಂದ್ರು, ಒಂದು ಕ್ಷಣ ಬಿಟ್ಟು "ಕಾಯಿರಿ, ನಾನೇ ಕರೀತೀನಿ" ಅಂದ್ರು, ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲೇ ಇದ್ದೀವಿ ಅಂತ ಮಾತಾಡಿದ್ರು, ಎರಡೂ ಒಂದರ ಮೇಲೊಂದು ಬಿದ್ದು ಕೆಎಲ್ಎಂ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ಕೇಳಿಸಿದ್ದು ಆ "ಓಕೆ" ಒಂದೇ, ಮಿಕ್ಕಿದ್ದು ಕೀರಲು ಸದ್ದು. ವಿಮಾನ ಆಗಲೇ ಓಡ್ತಿತ್ತು. ಎರಡೂ ಡಿಕ್ಕಿಯಾಗಿ 583 ಜನ ಹೋದ್ರು. ಕ್ಲಾಸಲ್ಲಿ ಕೂತಿದ್ದ ನಂಗೆ ಕೈ ಮತ್ತೆ ಜೋಮು ಹಿಡಿದ ಹಾಗಾಯ್ತು, ನಿಜವಾಗ್ಲೂ. ಅದು ನಮ್ಮ ಲ್ಯಾಬಿನ "ಆಯ್ತು".

ಆ ಘಟನೆ ಆದ್ಮೇಲೆ "ಟೇಕಾಫ್" ಅನ್ನೋ ಪದಾನ ಟೇಕಾಫ್ ಪರ್ಮಿಷನ್ ಕೊಡೋಕೆ, ಇಲ್ಲಾ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ಮಾತ್ರ ಇಟ್ಕೊಂಡಿದ್ದಾರೆ, ಬೇರೆ ಕಡೆ "ಡಿಪಾರ್ಚರ್". ಇನ್ನೊಂದು ಕೇಸ್ 1989ದು, ಕೌಲಾಲಂಪುರದ ಹತ್ರ. ಕಾರ್ಗೋ ವಿಮಾನಕ್ಕೆ ಕಂಟ್ರೋಲರ್ 2,400 ಅಡಿಗೆ ಇಳೀರಿ ಅಂತ "ಟೂ ಫೋರ್ ಝೀರೋ ಝೀರೋ" ಅಂದ್ರು, ಮೊದಲನೇ "ಟೂ"ನ ಅಂಕಿ ಅಂದ್ಕೊಳ್ಳದೆ "ಇಷ್ಟಕ್ಕೆ" ಅನ್ನೋ ಅರ್ಥದ ಇಂಗ್ಲಿಷ್ "ಟು" ಅಂತ ತಗೊಂಡು ಪೈಲಟ್ 400 ಅಂತ ತಿರುಗಿ ಹೇಳಿದ್ರು, ಆ ತಪ್ಪನ್ನ ಯಾರೂ ಹಿಡೀಲಿಲ್ಲ. ವಿಮಾನ ತೀರಾ ಕೆಳಗಿಳಿದು ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ಕೂ ಜನ ತೀರ್ಕೊಂಡ್ರು. ತಿರುಗಿ ಹೇಳಿಸಿದ್ರೆ ಸಾಲ್ದು, ತಿರುಗಿ ಹೇಳಿದ್ದನ್ನ ಕಿವಿಗೊಟ್ಟು ಕೇಳ್ಬೇಕು, ಇದನ್ನೂ ಸರ್ ಮಾಡ್ತಿದ್ರು, ನಾವು ಹೇಳಿ ಮುಗಿಸೋವರೆಗೂ ಮುಖಾನೇ ನೋಡ್ತಾ ನಿಂತಿರೋರು.

ಈಗ್ಲೂ ಡ್ಯೂಟೀಲಿ ಹೋಲ್ಡ್ ಶಾರ್ಟ್, ಅಂದ್ರೆ ರನ್‌ವೇ ಒಳಗೆ ಬರದೆ ಹೊರಗೇ ನಿಲ್ಲಿ, ಅಂತ ಹೇಳ್ದಾಗ ಬರೀ "ರೋಜರ್" ಅಂತ ಉತ್ತರ ಬಂದ್ರೆ ನಾನು ಬಿಡಲ್ಲ. ರೋಜರ್ ಅಂದ್ರೆ ಕೇಳಿಸ್ತು ಅಂತ ಅಷ್ಟೇ, ಮಾಡ್ತೀನಿ ಅಂತಲ್ಲ. ರನ್‌ವೇ ನಂಬರ್ ಸಮೇತ ಹೇಳಿಸ್ತೀನಿ, ಎಷ್ಟೇ ಬಿಜಿ ಇದ್ರೂ.

ಈ ಸಲ ಹಳೇ ವಿದ್ಯಾರ್ಥಿಗಳ ಮೀಟಿಂಗಿಗೆ ಕರೆಯೋಕೆ ಸರ್‌ಗೆ ಫೋನ್ ಮಾಡಿದ್ದೆ. ರಿಟೈರ್ ಆಗಿದ್ದಾರೆ, ಕಿವಿ ಸ್ವಲ್ಪ ಮಂದ. ನಾನು ಹೇಳಿದ್ದೆಲ್ಲಾ ಕೇಳಿಸ್ಕೊಂಡು ನಿಧಾನಕ್ಕೆ ಅಂದ್ರು, "ಶನಿವಾರ, ಹತ್ತೂವರೆ, ಹಿಂದಿನ ಗೇಟು. ಸರಿಯಾಗಿ ಹೇಳಿದ್ನೇನಪ್ಪಾ?"

"ಸರಿಯಾಗಿ ಹೇಳಿದ್ರಿ ಸರ್" ಅಂದೆ.