ನನ್ನ ಸರ್ಟಿಫಿಕೇಟಿನ ಮೇಲಿರುವ ತಾರೀಕು

ನಮ್ಮ ಹಿತ್ತಲಲ್ಲಿ ಒಂದು ಬಾಟಲ್ ಬ್ರಷ್ ಗಿಡ ಇದೆ. 2013ರ ಜನವರಿ 26ರಂದು ಇಲ್ಲಿನ ಕೌನ್ಸಿಲ್ಲಿನವರು, ಅಂದರೆ ನಗರಸಭೆಯವರು, ಕೈಗಿಟ್ಟಾಗ ಗೇಣುದ್ದ ಇತ್ತು. ಈಗ ನನಗಿಂತ ಎತ್ತರ. ಅವತ್ತು ನಾನೂ ನನ್ನ ಗಂಡನೂ ಆಸ್ಟ್ರೇಲಿಯಾದ ಪ್ರಜೆಗಳಾದೆವು. ಮದುವೆಗೆ ಅಮ್ಮ ಕೊಡಿಸಿದ ಮೊಳಕಾಲ್ಮೂರು ಸೀರೆ ಉಟ್ಟಿದ್ದೆ. ಈ ದೇಶಕ್ಕೂ ಇಲ್ಲಿನ ಜನಕ್ಕೂ ನಿಷ್ಠೆಯಿಂದ ಇರುತ್ತೇನೆ ಎಂದು ಎಲ್ಲರ ಜೊತೆ ಎದ್ದು ನಿಂತು ಹೇಳುವಾಗ ಗಂಟಲು ಕಟ್ಟಿತ್ತು. ಗೌರಿಬಿದನೂರಿಗೆ ಫೋನ್ ಮಾಡಿದೆ. ಅಪ್ಪ ನಿವೃತ್ತ ಮೇಷ್ಟ್ರು, ಆಗಷ್ಟೇ ಶಾಲೆಯಲ್ಲಿ ಬಾವುಟ ಹಾರಿಸಿ ಮನೆಗೆ ಬಂದಿದ್ದರು. "ಗಣರಾಜ್ಯೋತ್ಸವದ ದಿನವೇ ಸಿಕ್ತಲ್ಲಮ್ಮ, ಒಳ್ಳೇ ದಿನ" ಎಂದರು.

ನನಗೂ ಹಾಗೇ ಅನ್ನಿಸಿತ್ತು. ಒಂದು ವರ್ಷ ಹಾಗೇ ಅಂದುಕೊಂಡಿದ್ದೆ.

ನಾನು ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ವಯಸ್ಸಾದವರ ಆರೈಕೆ ಮಾಡುವ ಒಂದು ಮನೆಯಲ್ಲಿ ಕೆಲಸ ಮಾಡುತ್ತೇನೆ. 2014ರ ಜನವರಿ 26ರಂದು ನನಗೆ ಬೆಳಗಿನ ಪಾಳಿ. ಇಲ್ಲಿ ಆ ದಿನ ಆಸ್ಟ್ರೇಲಿಯಾ ಡೇ, 1788ರಲ್ಲಿ ಬಿಳಿಯರು ಸಿಡ್ನಿಯಲ್ಲಿ ಇಳಿದ ದಿನದ ಹಬ್ಬ. ಈ ತಾರೀಕು ಬದಲಿಸಿ ಎಂದು ಕೇಳುವವರೂ ಇದ್ದಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯವರು ಲ್ಯಾಮಿಂಗ್ಟನ್ ಎಂಬ ಕೇಕ್ ಮಾಡಿ, ಒಂದೊಂದಕ್ಕೂ ಕಾಗದದ ಬಾವುಟ ಚುಚ್ಚಿದ್ದರು. ಕೊನೆಯ ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರು. ಯೋರ್ಟಾ ಯೋರ್ಟಾ ಜನಾಂಗದವರು, ಈ ನೆಲದ ಮೂಲನಿವಾಸಿಗಳು. ತೊಂಬತ್ತಾದವರನ್ನೂ ಹೆಸರು ಹಿಡಿದು ಕರೆಯುವ ಊರಿದು. ಆದರೆ ಅವರನ್ನು ಮಾತ್ರ 'ಆಂಟಿ' ಎನ್ನಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವರಲ್ಲಿ ಹಿರಿಯರಿಗೆ ಆಂಟಿ, ಅಂಕಲ್ ಎಂಬುದು ದೊಡ್ಡ ಗೌರವದ ಮಾತು. ಊರು ಬಿಟ್ಟ ಮೇಲೆ ಆ ಮಾತು ನನ್ನ ಬಾಯಿಗೆ ಬಂದದ್ದು ಅವರ ಕೋಣೆಯಲ್ಲೇ.

ತಟ್ಟೆ ಮುಂದಿಟ್ಟು "ಹ್ಯಾಪಿ ಆಸ್ಟ್ರೇಲಿಯಾ ಡೇ, ಆಂಟಿ" ಎಂದೆ. ಅವರು ಬಾವುಟ ಕಿತ್ತು ತಟ್ಟೆಯ ಅಂಚಿಗಿಟ್ಟರು. ಟಿವಿ ಆಫ್ ಮಾಡು ಎಂದರು. ಸಿಟ್ಟಿರಲಿಲ್ಲ. ಆಮೇಲೆ ಅವರ ಕಾಲು ಒತ್ತುವಾಗ, ಈ ದಿನ ತಮ್ಮ ಮನೆಯಲ್ಲಿ ಯಾರೂ ಹಬ್ಬ ಮಾಡುವುದಿಲ್ಲ, ಸತ್ತವರನ್ನು ನೆನೆಯುತ್ತೇವೆ ಎಂದರು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಸೂತಕ. ಸೂತಕದ ಮನೆಗೆ ನಾನು ಸಿಹಿ ಹಿಡಿದು ಹೋಗಿದ್ದೆ. ಆ ವರ್ಷ ನನ್ನ ಸರ್ಟಿಫಿಕೇಟ್ ಗೋಡೆಯಿಂದ ಇಳಿಸಲಿಲ್ಲ. ಆದರೆ ಅದರ ಮೇಲಿನ ತಾರೀಕು ಕಣ್ಣಿಗೆ ಬಿದ್ದಾಗೆಲ್ಲ ಆ ತಟ್ಟೆ ನೆನಪಾಗುತ್ತಿತ್ತು.

ಮುಂದಿನ ಐದು ವರ್ಷ ಆಂಟಿ ತಾವಾಗಿಯೇ ಸ್ವಲ್ಪ ಸ್ವಲ್ಪ ಹೇಳಿದರು. ಅವರು ಹುಟ್ಟಿದ್ದು ಮರ್ರೆ ನದಿಯ ದಡದ ಕಮರಗಂಜ ಎಂಬಲ್ಲಿ. ಮೂಲನಿವಾಸಿಗಳನ್ನು ಒಂದೆಡೆ ಇಟ್ಟು, ಮೇಲೊಬ್ಬ ಮ್ಯಾನೇಜರ್ ಕೂರಿಸಿ ಸರ್ಕಾರ ನಡೆಸುತ್ತಿದ್ದ ಜಾಗ ಅದು. ರೇಷನ್ ಸಾಲುತ್ತಿರಲಿಲ್ಲ. 1939ರ ಫೆಬ್ರವರಿಯಲ್ಲಿ ಸುಮಾರು 200 ಜನ ಇನ್ನು ಸಾಕು ಎಂದು ಎದ್ದು, ನದಿ ದಾಟಿ ವಿಕ್ಟೋರಿಯಾದ ಬಾರ್ಮಾಕ್ಕೆ ಬಂದು ದಡದಲ್ಲೇ ಬಿಡಾರ ಹೂಡಿದರು. ಆಂಟಿ ಆಗ ಅಮ್ಮನ ಸೊಂಟದ ಮೇಲಿದ್ದ ಮಗು. ಒಂದು ಸಲ ಕಿಟಕಿಯಾಚೆಯ ಗಮ್ ಮರ ತೋರಿಸಿ, ನಮ್ಮ ನಂದಿ ಬೆಟ್ಟದ ಸುತ್ತ ಇದರದೇ ತೋಪುಗಳಿವೆ, ನೀಲಗಿರಿ ಅಂತೀವಿ ಎಂದೆ. ಅವರಿಗೆ ತುಂಬಾ ಖುಷಿಯಾಯಿತು. ನಮ್ಮ ಮರ ನಿಮ್ಮೂರಲ್ಲಿ ಚೆನ್ನಾಗಿದೆಯಾ ಎಂದು ಕೇಳಿದರು. ಅದು ಬಂದ ಮೇಲೆ ನಮ್ಮ ಬಾವಿಗಳು ಬತ್ತಿದವು ಅಂತ ರೈತರು ಬೈಯುತ್ತಾರೆ ಎಂದು ಹೇಳಲು ಮನಸ್ಸಾಗಲಿಲ್ಲ.

2019ರಲ್ಲಿ ಆಂಟಿ ತೀರಿಕೊಂಡರು. ಅವರಲ್ಲಿ ತೀರಿಕೊಂಡವರ ಹೆಸರನ್ನು ಮನೆಯವರನ್ನು ಕೇಳದೆ ಹೇಳಬಾರದು. ಹಾಗಾಗಿ ಇಲ್ಲಿ ಬರೆದಿಲ್ಲ.

ಇನ್ನೊಂದು ಹೆಸರು ಮಾತ್ರ ಬರೆಯಬಹುದು, ಏಕೆಂದರೆ ಅದು ನಾನು ದಿನಾ ದಾಟುವ ಸೇತುವೆಯ ಮೇಲಿದೆ. ಫುಟ್‌ಸ್ಕ್ರೇ ಸ್ಟೇಷನ್ನಿನ ಕಾಲ್ಸೇತುವೆಗೆ ವಿಲಿಯಂ ಕೂಪರ್ ಅವರ ಹೆಸರಿದೆ. ಟಾರ್ನೀಟ್‌ನಿಂದ ಬಂದು ಅಲ್ಲಿ ಗಾಡಿ ಬದಲಿಸುವ ನಮ್ಮವರು ನೂರಾರು ಜನ. ಯಾರು ಈ ಕೂಪರ್ ಅಂತ ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ. ಅವರೂ ಯೋರ್ಟಾ ಯೋರ್ಟಾ. ಎಪ್ಪತ್ತು ದಾಟಿದ ಮೇಲೆ ಫುಟ್‌ಸ್ಕ್ರೇಗೆ ಬಂದರು, ಏಕೆಂದರೆ ಕಮರಗಂಜದಂಥ ಜಾಗದಲ್ಲಿ ಇದ್ದವರಿಗೆ ಪಿಂಚಣಿ ಸಿಗುತ್ತಿರಲಿಲ್ಲ. ಪಾರ್ಲಿಮೆಂಟಿನಲ್ಲಿ ತಮ್ಮವರಿಗೂ ಒಂದು ಸ್ಥಾನ ಕೊಡಿ ಎಂದು ಇಂಗ್ಲೆಂಡಿನ ದೊರೆಗೆ ಅರ್ಜಿ ಬರೆದು, 1814 ಸಹಿ ಕೂಡಿಸಿದರು. ಇಲ್ಲಿನ ಸರ್ಕಾರ ಅದನ್ನು ದೊರೆಗೆ ಕಳಿಸಲೇ ಇಲ್ಲ.

1938ರ ಜನವರಿ 26ಕ್ಕೆ ಬಿಳಿಯರು ಸಿಡ್ನಿಯಲ್ಲಿ ಇಳಿದು 150 ವರ್ಷ. ಊರೆಲ್ಲ ಮೆರವಣಿಗೆ. 1788ರ ಇಳಿತವನ್ನು ನಾಟಕದ ಹಾಗೆ ಆಡಿ ತೋರಿಸಲು ದೂರದ ಮೆನಿಂಡಿಯಿಂದ ಮೂಲನಿವಾಸಿಗಳನ್ನು ಕರೆತಂದರು. ಅವರನ್ನು ಇರಿಸಿದ್ದು ಪೊಲೀಸ್ ಬ್ಯಾರಕ್ಕಿನ ಕುದುರೆ ಲಾಯದಲ್ಲಿ. ಅದೇ ದಿನ ಕೂಪರ್, ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್ ಮತ್ತು ಸುಮಾರು ನೂರು ಜನ ಮೂಲನಿವಾಸಿಗಳು ಎಲಿಜಬೆತ್ ಸ್ಟ್ರೀಟಿನ ಒಂದು ಹಾಲ್‌ನಲ್ಲಿ ಸೇರಿದರು. ಹಿಂಬಾಗಿಲಿನಿಂದ ಒಳಗೆ ಹೋಗಬೇಕಾಯಿತು. ಇದು ನಮಗೆ ಶೋಕದ ದಿನ, ನಮ್ಮನ್ನೂ ಸಮಾನ ಪ್ರಜೆಗಳೆಂದು ಒಪ್ಪಿ ಎಂದು ಠರಾವು ಮಾಡಿದರು. ತಾರೀಕಿನ ತಕರಾರು ಈಗ ಹುಟ್ಟಿದ ಫ್ಯಾಷನ್ ಅನ್ನುವವರಿಗೆ ನಾನು ಈ ವರ್ಷವನ್ನು ನೆನಪಿಸುತ್ತೇನೆ.

ನನಗೆ ಈ 1938 ಬೇರೆ ಥರದಲ್ಲೂ ಗೊತ್ತು. ನಮ್ಮ ಊರಿನ ಹತ್ತಿರವೇ ವಿದುರಾಶ್ವತ್ಥ. ಸಾಲು ಸಾಲು ನಾಗರಕಲ್ಲುಗಳ ಊರು. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಪ್ಪ ಪ್ರತಿ ವರ್ಷ ತಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಸ್ಮಾರಕದ ಮುಂದೆ ಚಪ್ಪಲಿ ಬಿಟ್ಟು ನಿಲ್ಲಿಸುತ್ತಿದ್ದರು. ಕಾಲು ಸುಡುತ್ತಿತ್ತು. ಯಾರೂ ಅಲುಗಾಡುತ್ತಿರಲಿಲ್ಲ.

ಮತ್ತೆ ಏಪ್ರಿಲ್ 25 ಇಲ್ಲಿ ಏನು ಗೊತ್ತಾ? ಆನ್‌ಜ಼ಾಕ್ ಡೇ. 1915ರಲ್ಲಿ ಗಲಿಪೊಲಿಯ ದಡದಲ್ಲಿ ಇಳಿದ ಸೈನಿಕರನ್ನು ನೆನೆಯುವ ದಿನ. ವಿಕ್ಟೋರಿಯಾದಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೆ ಹೆಚ್ಚಿನ ಅಂಗಡಿಗಳು ತೆರೆಯುವುದಿಲ್ಲ. ನಸುಕಿನಲ್ಲಿ ಚಳಿಯಲ್ಲಿ ಜನ ಮಾತಿಲ್ಲದೆ ನಿಂತಿರುತ್ತಾರೆ. ನಾನು ಪ್ರತಿ ವರ್ಷ ಹೋಗುತ್ತೇನೆ, ಎರಡೂ ಊರಿನವರನ್ನು ನೆನೆಯುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿ ಸ್ಪೀಕರ್ ಹಚ್ಚಿ ಬಾರ್ಬಿಕ್ಯೂ ಶುರುಮಾಡಿದರೆ ಈ ದೇಶ ಒಂದು ನಿಮಿಷವೂ ಸಹಿಸುವುದಿಲ್ಲ, ಸಹಿಸಲೂಬಾರದು. ಒಂದು ತಾರೀಕು ಎಷ್ಟು ಭಾರ ಇರುತ್ತದೆ ಅನ್ನುವುದು ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನನಗೆ ನೋವಾಗುವುದು. ಆಂಟಿಯ ಮನೆಯವರು ಕೇಳುತ್ತಿರುವುದೂ ಅದನ್ನೇ ಅಲ್ವಾ?

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಜನವರಿಯಲ್ಲಿ ತಾರೀಕು ಬದಲಿಸಬೇಕೇ ಎಂಬ ಈ ಚರ್ಚೆ ಬರುತ್ತದೆ. "ನಾವು ಹೊರಗಿನಿಂದ ಬಂದವರು, ಇವರ ಜಗಳ ನಮಗ್ಯಾಕೆ, ಸುಮ್ನೆ ಇರೋಣ" ಅಂತಾರೆ. ಹೆದರಿಕೆ ನನಗೆ ಅರ್ಥವಾಗುತ್ತದೆ. ಇಲ್ಲಿ ತಲೆ ತಗ್ಗಿಸಿ ದುಡಿದೇ ಮನೆ ಕಟ್ಟಿದವರು ನಾವೆಲ್ಲ. ಆದರೆ 'ಇಲ್ಲಿನ ಜನಕ್ಕೆ ನಿಷ್ಠೆ' ಎಂದು ಹೇಳಿದ್ದೇವಲ್ಲ, ಆ ಜನರಲ್ಲಿ ಆಂಟಿ ಇರಲಿಲ್ಲವೇ? ಅಲ್ಲದೆ ಈ ದೇಶದ ಪೌರತ್ವ ಅನ್ನುವುದು ಶುರುವಾದದ್ದೂ 1949ರ ಜನವರಿ 26ರಂದೇ. ನಮ್ಮಂಥವರ ಸಮಾರಂಭಗಳನ್ನು ಅದೇ ದಿನ ಇಡುವುದರಿಂದ, ಹೊಸದಾಗಿ ಬಂದವರ ಸಂತೋಷವನ್ನೇ ಮುಂದೆ ನಿಲ್ಲಿಸಿ ಮೂಲನಿವಾಸಿಗಳ ದುಃಖವನ್ನು ಮರೆಮಾಡಿದ ಹಾಗಾಗುತ್ತದೆ. ನನ್ನ ಸೀರೆ, ನನ್ನ ಫೋಟೋ ಅದಕ್ಕೆ ಬಳಕೆಯಾಗುವುದು ನನಗೆ ಇಷ್ಟವಿಲ್ಲ.

"ತಲತಲಾಂತರದಿಂದ ಬಂದ ದಿನ, ಬದಲಿಸೋದು ಹೇಗೆ" ಅನ್ನುವವರೂ ಇದ್ದಾರೆ. ಅಷ್ಟು ಹಳೆಯದೇನೂ ಅಲ್ಲ. 1788ರ ಆ ದಿನ ಬ್ರಿಟಿಷ್ ಕ್ಯಾಪ್ಟನ್ ಆರ್ಥರ್ ಫಿಲಿಪ್ ಬಾವುಟ ನೆಟ್ಟಿದ್ದು ಗಾಡಿಗಲ್ ಜನರ ನೆಲದಲ್ಲಿ, ಸಿಡ್ನಿಯಲ್ಲಿ. ಮೆಲ್ಬರ್ನ್‌ಗೆ ಬಿಳಿಯರು ಬಂದು ನೆಲೆ ನಿಂತಿದ್ದೇ 1835ರಲ್ಲಿ. ಯುದ್ಧಕ್ಕೆ ಹಣ ಕೂಡಿಸಲು 1915ರಲ್ಲಿ ಆಸ್ಟ್ರೇಲಿಯಾ ಡೇ ಮಾಡಿದಾಗ ಅದು ಜುಲೈ 30. ಎಲ್ಲ ರಾಜ್ಯಗಳೂ ಒಂದೇ ಹೆಸರು ಒಪ್ಪಿದ್ದು 1935ರಲ್ಲಿ. ಎಲ್ಲ ಕಡೆ 26ರಂದೇ ರಜೆ ಅಂತಾದದ್ದು 1994ರಿಂದ. ಅದಕ್ಕೆ ಮೊದಲು ವಾರಾಂತ್ಯಕ್ಕೆ ಹೊಂದುವ ಸೋಮವಾರ ರಜೆ ಕೊಡುತ್ತಿದ್ದರು. ನನ್ನ ತಮ್ಮ 1994ಕ್ಕಿಂತ ದೊಡ್ಡವನು!

ಇನ್ನು ನಾವು ಭಾರತೀಯರು ಈ ಮಾತನ್ನು ಆಡಲೇಬಾರದು. ಲಾಹೋರ್ ಕಾಂಗ್ರೆಸ್ ಕರೆ ಕೊಟ್ಟ ಮೇಲೆ 1930ರಿಂದ ನಮ್ಮ ಸ್ವಾತಂತ್ರ್ಯ ದಿನ ಜನವರಿ 26 ಆಗಿತ್ತು. ಜನ ಲಾಠಿ ತಿಂದು, ಜೈಲಿಗೆ ಹೋಗಿ ಆಚರಿಸಿದ ದಿನ. 1947ರಲ್ಲಿ ಅದು ಆಗಸ್ಟ್ 15ಕ್ಕೆ ಹೋಯಿತು. ಹಳೆಯ ದಿನವನ್ನು ಕೈಬಿಡಬಾರದು ಅಂತ, 1949ರ ನವೆಂಬರ್ 26ಕ್ಕೇ ಒಪ್ಪಿಗೆಯಾದ ಸಂವಿಧಾನವನ್ನು ಎರಡು ತಿಂಗಳು ಕಾದು 1950ರ ಜನವರಿ 26ಕ್ಕೆ ಜಾರಿಗೆ ತಂದರು. ದಿನವನ್ನು ಸರಿಸಬಹುದು, ಹಳೆಯ ದಿನಕ್ಕೆ ಬೇರೆ ಅರ್ಥವನ್ನೂ ಕೊಡಬಹುದು. ನಾವು ಮಾಡಿದ್ದೇವೆ.

ಮೂಲನಿವಾಸಿಗಳೆಲ್ಲರದೂ ಒಂದೇ ಮಾತು ಅಂತ ನಾನು ಹೇಳುವುದಿಲ್ಲ. ಸೆನೆಟರ್ ಜಸಿಂಟಾ ಪ್ರೈಸ್ ಅವರು ತಾರೀಕು ಬದಲಿಸುವುದು ಬೇಡ ಅನ್ನುತ್ತಾರೆ. ಇನ್ನು ಕೆಲವರು, ಬರೀ ದಿನ ಸರಿಸಿದರೆ ಏನು ಬಂತು, ಜೈಲಿನಲ್ಲಿ ನಮ್ಮ ಮಕ್ಕಳೇ ಜಾಸ್ತಿ ಸಾಯುತ್ತಿರುವಾಗ ನಮಗೆ ಯಾವ ದಿನದ ಹಬ್ಬವೂ ಬೇಡ ಅನ್ನುತ್ತಾರೆ. ಈ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಪಾರ್ಲಿಮೆಂಟಿಗೆ ಸಲಹೆ ಕೊಡುವ ಒಂದು ಮಂಡಳಿ ಮೂಲನಿವಾಸಿಗಳಿಗೆ ಬೇಕೇ ಎಂದು ದೇಶದ ಜನರನ್ನು ಕೇಳಿದಾಗ ನೂರಕ್ಕೆ ಅರವತ್ತು ಜನ ಬೇಡ ಎಂದು ವೋಟು ಹಾಕಿದರು. ಆರೂ ರಾಜ್ಯಗಳಲ್ಲಿ ಸೋತಿತು. ಕೂಪರ್ ಕೇಳಿ 85ಕ್ಕೂ ಹೆಚ್ಚು ವರ್ಷದ ಮೇಲೆ. ಆ ರಾತ್ರಿ ನಾನು ಅತ್ತೆ.

ಯಾವ ದಿನಕ್ಕೆ ಸರಿಸಬೇಕು ಅಂದರೆ, ನನಗೆ ಮೇ 27 ಇಷ್ಟ. 1967ರಲ್ಲಿ ಅವತ್ತು ಮೂಲನಿವಾಸಿಗಳನ್ನೂ ಜನಗಣತಿಯಲ್ಲಿ ಸೇರಿಸಲು, ಅವರಿಗಾಗಿ ಕೇಂದ್ರ ಸರ್ಕಾರ ಕಾನೂನು ಮಾಡಲು ಸಂವಿಧಾನ ಬದಲಿಸೋಣವೇ ಎಂದು ಕೇಳಿದ್ದಕ್ಕೆ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಹೌದು ಎಂದರು. ಚಳಿಯಲ್ಲಿ ಬಾರ್ಬಿಕ್ಯೂ ಹೇಗೆ ಅಂತ ಮಗಳು ಕೇಳುತ್ತಾಳೆ. ಮಫ್ಲರ್ ಸುತ್ತಿಕೊಂಡು ತಿನ್ನೋಣ ಎಂದಿದ್ದೇನೆ. ಆದರೆ ದಿನ ಆರಿಸುವುದರಲ್ಲಿ ಮೊದಲ ಮಾತು ಮೂಲನಿವಾಸಿಗಳದ್ದಿರಲಿ.

ಈ ಸಲ ನಮ್ಮ ಕೌನ್ಸಿಲ್ಲಿನವರು ಪೌರತ್ವದ ಸಮಾರಂಭ ಯಾವತ್ತು ಇಡೋಣ ಎಂದು ಜನರ ಅಭಿಪ್ರಾಯ ಕೇಳಿದ್ದಾರೆ. 2017ರಲ್ಲಿ ಮೆಲ್ಬರ್ನ್‌ನ ಯಾರಾ, ಡೇರಬಿನ್ ಎಂಬ ಕೌನ್ಸಿಲ್‌ಗಳು 26ರಂದು ಬೇಡ ಎಂದಾಗ ಸಮಾರಂಭ ನಡೆಸುವ ಅಧಿಕಾರವನ್ನೇ ಕೇಂದ್ರ ಕಿತ್ತುಕೊಂಡಿತ್ತು. 2022ರ ಕೊನೆಯಲ್ಲಿ ನಿಯಮ ಸಡಿಲವಾಯಿತು. ಈಗ ಮೂರು ದಿನ ಹಿಂದೆ, ಮೂರು ದಿನ ಮುಂದೆ ಇಡಬಹುದು.

ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಫಾರ್ಮ್ ಹರಡಿಕೊಂಡು ಕೂತೆ. "ನನ್ನದು ಆ ದಿನವೇ ಆಯಿತು. ಮುಂದೆ ಬರುವವರಿಗೆ ಬೇರೆ ದಿನ ಇಡಿ" ಎಂದು ಬರೆದೆ. ಕೆಳಗೆ ನನ್ನ ಸರ್ಟಿಫಿಕೇಟಿನ ನಂಬರ್ ಹಾಕಿದೆ. ಅದನ್ನು ಅವರು ಕೇಳಿರಲಿಲ್ಲ. ಮಗಳು ಎಲ್ಲಾ ಓದಿ, ಆಂಟಿಯ ಬಗ್ಗೆಯೂ ಒಂದು ಸಾಲು ಬರೆ ಎಂದಳು. ಮೊದಲು ಅವರ ಮಗನಿಗೆ ಫೋನ್ ಮಾಡಿ ಕೇಳಬೇಕು. ಅದಕ್ಕೇ ಫಾರ್ಮ್ ಇನ್ನೂ ಕಳಿಸಿಲ್ಲ, ಫ್ರಿಜ್ಜಿನ ಮೇಲಿದೆ.