ಕಪ್ಪು ನಾಲ್ಕು

"ಮಾಸ್ತರ, ಕೇಳದ ಯಾಕ ಇಳಸಿದ್ರಿ?"

ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಬ್ಯಾಡಗಿಯಲ್ಲಿ ಅಕ್ಕ ಕೇಳಿದ ಮಾತಿದು. ಇವತ್ತು ಶುಕ್ರವಾರ. ಇನ್ನೂ ಕಿವಿಯಲ್ಲೇ ಇದೆ. ಪೇಟಿ ಒರೆಸುವಾಗ ಇದೆ, ಬಸ್ಸಿನಲ್ಲಿ ತೂಕಡಿಸುವಾಗ ಇದೆ, ಊಟಕ್ಕೆ ಅವರ ಎದುರು ಕೂತಾಗಂತೂ ಇದ್ದೇ ಇದೆ. ಜೋರು ಮಾಡಿ ಕೇಳಿದ್ದಲ್ಲ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಣ್ಣ ತೆಗೆಯುತ್ತಿದ್ದರು. ಕನ್ನಡಿಯೊಳಗೆ ನನ್ನನ್ನು ನೋಡಿ, ಉಪ್ಪು ಎಲ್ಲಿದೆ ಅಂತ ಕೇಳುವ ಹಾಗೆ ಕೇಳಿದರು.

ನಮ್ಮದು ತಿರುಗಾಟದ ನಾಟಕ ತಂಡ. ಹದಿನಾರು ಜನ, ಎರಡು ನಾಟಕ, ಒಂದು ಬಸ್ಸು. ನೆತ್ತಿಯ ಮೇಲೆ ಮಡಚಿ ಕಟ್ಟಿದ ಅರಮನೆ, ಒಳಗೆ ನಾವು. 1985ರಲ್ಲಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ತನ್ನ ತಿರುಗಾಟ ಹೊರಡಿಸಿದಾಗಿನಿಂದ ಕರ್ನಾಟಕದ ಎಷ್ಟೋ ಊರುಗಳಿಗೆ ಇಂಥ ಬಸ್ಸು ಹೊಸದಲ್ಲ. ಮಧ್ಯಾಹ್ನ ಇಳಿಯೋದು, ಸೆಟ್ ಕಟ್ಟೋದು, ಸಂಜೆ ಹಾಡು ಒಂದು ಸಲ ನೋಡಿಕೊಳ್ಳೋದು, ರಾತ್ರಿ ಆಡೋದು, ಮತ್ತೆ ಬಿಚ್ಚಿ ಬಸ್ಸಿಗೇರಿಸೋದು. ರಾಜನೂ ಹಗ್ಗ ಎಳೀಬೇಕು, ಮಂತ್ರಿಯೂ ಹಲಗೆ ಹೊರಬೇಕು. ನನ್ನ ಕೆಲಸ ಹಾರ್ಮೋನಿಯಂ, ನಮ್ಮ ಬಾಯಲ್ಲಿ ಪೇಟಿ.

ಅಕ್ಕ ಕಂಪನಿ ನಾಟಕದಿಂದ ಬಂದವರು. ಗದಗಿನ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಬಣ್ಣ ಹಚ್ಚಿದವರಿಗೆ ಈಗ ಐವತ್ತೆಂಟು. ಅವರ ಸುರ ಕಪ್ಪು ನಾಲ್ಕು. ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆಯೇ (ಬೆರಳು ಒತ್ತುವ ಪಟ್ಟಿಗೆ ನಾವು ಮನೆ ಅಂತೀವಿ) ಅವರಿಗೆ ಷಡ್ಜ, ಹಾಡಿನ 'ಸ'. ಈ ವಯಸ್ಸಿಗೆ ಅದು ಸಣ್ಣ ಎತ್ತರವಲ್ಲ. ಅವರಿಗೆ ಹಾಡು ಹೇಳಿಕೊಟ್ಟವರು ಮೈಕಿಲ್ಲದ ಕಾಲದವರಂತೆ. ಕೊನೇ ಸಾಲಿನಲ್ಲಿ ಕೂತು ಶೇಂಗಾ ತಿನ್ನುವವನಿಗೂ ಮುಟ್ಟಬೇಕು ಅಂತ ಎತ್ತರದಲ್ಲೇ ಹಾಡಿ ಬೆಳೆದವರು. ಆಮೇಲೆ ಮೈಕ್ ಬಂತು. ಅಕ್ಕನ ಸುರ ಮಾತ್ರ ಕೆಳಗಿಳಿಯಲಿಲ್ಲ. ಈ ತಿರುಗಾಟ ಹೊರಟ ದಿನ ತಮ್ಮ ಹಣೆಯ ಟಿಕಳಿ ತೆಗೆದು ನನ್ನ ಪೇಟಿಯ ಆ ಮನೆಗೆ ಅಂಟಿಸಿಬಿಟ್ಟರು. "ಇದು ನನ್ನ ಮನಿ. ಮರೀಬ್ಯಾಡ್ರಿ ಮತ್ತ." ಚಿಕ್ಕ ಮಖಮಲ್ ಟಿಕಳಿ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ.

ಬ್ಯಾಡಗಿಗೆ ಈ ಸೀಸನ್ನಿನಲ್ಲಿ ಹೋಗಿದ್ದೀರಾ? ಊರು ಕಾಣುವ ಮೊದಲೇ ಮೂಗಿಗೆ ಬರುತ್ತದೆ. ಕೆಂಪು ಚೀಲಗಳ ಗುಡ್ಡ, ಅದರ ಮೇಲೆ ಮೂಗಿಗೆ ಟವೆಲ್ ಸುತ್ತಿಕೊಂಡ ಹಮಾಲರು. ಅಲ್ಲಿನ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಸಾರಿಗೆ ಹಾಕಿದರೆ ಇರಬಹುದು. ಗಾಳಿಗೆ ಹಾಕಿದರೆ ಹಾಗಿಲ್ಲ. ಬಸ್ಸಿನ ಕಿಟಕಿ ಮುಚ್ಚುವ ಹೊತ್ತಿಗೆ ಹದಿನಾರು ಜನವೂ ಸೀನಿ ಆಗಿತ್ತು. ಊರಿನವರು ಆರಾಮಾಗಿ ಚಹಾ ಕುಡೀತಾ ನಮ್ಮನ್ನು ನೋಡಿ ನಗುತ್ತಿದ್ದರು.

ಅಕ್ಕನ ಗಂಟಲು ಮೊದಲೇ ಸರಿ ಇರಲಿಲ್ಲ. ಹಿಂದಿನ ರಾತ್ರಿ ರಾಣೆಬೆನ್ನೂರಿನಲ್ಲಿ ಕಲ್ಯಾಣ ಮಂಟಪದ ಗ್ರಾನೈಟ್ ನೆಲದ ಮೇಲೆ ಮಲಗಿದ್ದೆವು. ಬೆಳಿಗ್ಗೆ ತಣ್ಣೀರು ಸ್ನಾನ. ಸಂಜೆ ಹಾಡು ನೋಡಿಕೊಳ್ಳುವಾಗ ತಾರ ಷಡ್ಜದ, ಅಂದರೆ ಮೇಲಿನ 'ಸ'ದ, ಹತ್ತಿರ ದನಿ ಒಡೆಯಿತು. ಜ್ಯೇಷ್ಠಮಧು ಜಗಿದರು, ಬಿಸಿ ನೀರು ಕುಡಿದರು. "ಹೇಗಿದೆ ಅಕ್ಕ?" ಅಂದೆ. "ಐತಿ ಬಿಡ್ರಿ" ಅಂದರು. ಆ 'ಐತಿ'ಗೆ ಏನರ್ಥ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ತಬಲಾ ಹುಡುಗನ ಹತ್ತಿರ ಹೋಗಿ, "ಎರಡನೇ ತಬಲಾನ ಕಪ್ಪು ಮೂರಕ್ಕೆ ಶ್ರುತಿ ಮಾಡಿಟ್ಕೋ. ಅಕ್ಕನ ದೊಡ್ಡ ಹಾಡಿಗೆ ಒಂದು ಸ್ವರ ಇಳಿಸೋಣ" ಅಂದೆ. ಅವನು ಒಳ್ಳೇ ಹುಡುಗ, ಫೋನು ಕೆಳಗಿಟ್ಟರೆ ಇನ್ನೂ ಒಳ್ಳೆಯವನು. "ಅಕ್ಕಂಗೆ ಹೇಳಿದ್ರಾ?" ಅಂತ ಅವನೇ ಕೇಳಿದ. ಹೇಳ್ತೀನಿ ಅಂದೆ. ಹೇಳಲಿಲ್ಲ. ಕೋರಸ್ಸಿನ ನಾಲ್ವರಿಗೂ ಹೇಳಿದೆ. ಅವರೊಬ್ಬರಿಗೆ ಹೇಳಲಿಲ್ಲ.

ಟೈಮ್ ಸಿಗಲಿಲ್ಲ ಅಂತ ಬರೆದುಬಿಡಬಹುದಿತ್ತು. ಟೈಮಿಗೇನು, ಬೇಕಾದಷ್ಟಿತ್ತು. ನಾಟಕಕ್ಕೆ ಮೊದಲು ಸಂಘಟಕರೊಬ್ಬರು ರಂಗಭೂಮಿ ಸಾಯುತ್ತಿದೆ ಅಂತ ಮುಕ್ಕಾಲು ಗಂಟೆ ಭಾಷಣ ಮಾಡಿದರು. ರಂಗಭೂಮಿ ಪರದೆಯ ಹಿಂದೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಬೆವರುತ್ತಾ ನಿಂತಿತ್ತು. ಅಷ್ಟು ಹೊತ್ತೂ ಅಕ್ಕ ನನ್ನಿಂದ ಮೂರು ಮಾರು ದೂರದಲ್ಲೇ ಇದ್ದರು.

ದೊಡ್ಡ ಹಾಡು ಬಂತು. ಮೂರನೇ ಕಪ್ಪಿನ ಮೇಲೆ ಬೆರಳಿಟ್ಟೆ. ಅಲ್ಲಿ ಟಿಕಳಿ ಇಲ್ಲ. ಬರೀ ನುಣ್ಣಗೆ. ಪೀಠಿಕೆ ನುಡಿಸಿದೆ. ಅಕ್ಕ ವಿಂಗಿನಿಂದ ಬಂದು ನಿಂತರು. ಬಾಯಿ ತೆರೆದವರು ಹಾಗೇ ಮುಚ್ಚಿದರು. ತಾಳದ ಒಂದು ಆವರ್ತ ಹಾಗೇ ಹೋಯಿತು. ನೋಡುವವರಿಗೆ ಅದು ಅಭಿನಯ. ನನಗೆ ಮಾತ್ರ ಗೊತ್ತು. ಅಕ್ಕ ನನ್ನ ಮುಖ ನೋಡಲಿಲ್ಲ, ಪೇಟಿಯನ್ನು ನೋಡಿದರು. ಆಮೇಲೆ ಹಾಡಿದರು. ಸಲೀಸಾಗಿ ಬಂತು. ತಾರ ಷಡ್ಜ ಎಣ್ಣೆ ಹಚ್ಚಿದ ಹಾಗೆ ಬಂತು. ನಾನು ಒಳಗೇ ಬೀಗಿದೆ, ನೋಡಿದಿರಾ ಅಂತ.

ಹಿಂದಿನಿಂದ ಯಾರೋ "ಒನ್ಸ್ ಮೋರ್!" ಅಂದ. ಇನ್ನಿಬ್ಬರು ಸಿಳ್ಳೆ ಹೊಡೆದರು. ಕಂಪನಿ ನಾಟಕದಲ್ಲಿ ಅದು ಮಾಮೂಲು. ಸತ್ತು ಬಿದ್ದ ಪಾತ್ರ ಎದ್ದು ಕೂತು ಮತ್ತೆ ಹಾಡಿ ಮತ್ತೆ ಸತ್ತ ಕತೆಗಳಿವೆ. ನಮ್ಮಂಥ ತಂಡಗಳಲ್ಲಿ ಕಡಿಮೆ. ನಮ್ಮ ನಿರ್ದೇಶಕರಿಗಂತೂ ಅದು ಮೈಗೆ ಆಗದು. ಆದರೆ ಅಕ್ಕನಿಗೆ ಆ ಕೂಗು ಕಿವಿಗೆ ಬಿದ್ದರೆ ತಡೆಯೋರು ಯಾರು?

ನಾನು ಗಾಳಿ ತುಂಬುವ ಮೊದಲೇ ಅಕ್ಕ ಶುರು ಮಾಡಿದರು. ಕಪ್ಪು ನಾಲ್ಕರಲ್ಲಿ. ಮಧ್ಯೆ ಪೇಟಿ ಇಲ್ಲ, ಸುಳಿವು ಕೊಡುವವರಿಲ್ಲ. ನಲವತ್ತು ವರ್ಷ ಅದೇ ಮನೆಯಲ್ಲಿ ಬದುಕಿದವರಿಗೆ ಬಾಗಿಲು ಎಲ್ಲಿದೆ ಅಂತ ಯಾರು ತೋರಿಸಬೇಕು! ನಾನು ಟಿಕಳಿ ತಡಕಾಡಿದೆ. ತಬಲಾ ಹುಡುಗ ನನ್ನ ಮುಖ ನೋಡಿ ಬಲಗೈ ಎತ್ತಿಬಿಟ್ಟ, ಬರೀ ಎಡಗೈಯ ಡಗ್ಗಾದಲ್ಲಿ ತಾಳ ಹಿಡಿದ. (ಜಾಣ. ಅವತ್ತು ಅಲ್ಲಿ ತಲೆ ಓಡಿಸಿದವನು ಅವನೊಬ್ಬನೇ.) ಮೇಲೆ ಹೋಗುತ್ತಿದ್ದ ಹಾಗೆ ದನಿ ಹಳೇ ಸೀರೆ ಹರಿದ ಹಾಗೆ ಹರಿಯಿತು. ಅಕ್ಕ ನಿಲ್ಲಿಸಲಿಲ್ಲ. ಇನ್ನೊಂದು ಸಲ ಹತ್ತಿದರು. ಮತ್ತೆ ಹರಿಯಿತು. ಮೂರನೇ ಸಲ ಸಿಕ್ಕಿತು. ಸಣ್ಣದಾಗಿ, ನೂಲಿನಷ್ಟು. ಅದರ ಮೇಲೆ ಎರಡು ಮಾತ್ರೆ ನಿಂತು ಇಳಿದರು.

ಚಪ್ಪಾಳೆ ಬಂತು. ಒನ್ಸ್ ಮೋರ್ ಅಂದವನು ಈ ಸಲ ಕೂಗಲಿಲ್ಲ.

ನಾಟಕ ಮುಗಿದ ಮೇಲೆ ಆ ಸಂಘಟಕರು ಒಳಗೆ ಬಂದರು. "ಮೊದಲನೇ ಸಲ ಭಾಳ ಛಲೋ ಆತ್ರಿ. ಎರಡನೇದು ಸ್ವಲ್ಪ..." ಅಂತ ಕೈ ಅಲ್ಲಾಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹದಿನಾರು ಜನಕ್ಕೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಸಿದ್ದ ಮನುಷ್ಯ. ಆದರೆ ಕೆಲವರಿಗೆ ಯಾವ ಮಾತನ್ನು ಎಲ್ಲಿ ನುಂಗಬೇಕು ಅಂತ ಗೊತ್ತಿರಲ್ಲ. ಅವರು ಹೊರಗೆ ಹೋದ ಮೇಲೆ ಅಕ್ಕ ಕೇಳಿದ್ದು ಅದು.

"ಮಾಸ್ತರ, ಕೇಳದ ಯಾಕ ಇಳಸಿದ್ರಿ?"

"ನಿಮ್ಮ ಗಂಟಲಿಗೆ ತ್ರಾಸ ಆಗಬಾರದು ಅಂತ ಅಕ್ಕ."

"ಗಂಟಲ ನಂದೋ, ನಿಮ್ದೋ?"

ಆಮೇಲೆ ಮಾತಿಲ್ಲ. ನಾನು ಪೇಟಿ ಮುಚ್ಚಿ ಪೆಟ್ಟಿಗೆಗೆ ಹಾಕಿದೆ.

ಬುಧವಾರ ಹಾವೇರಿಯಲ್ಲಿ ಇನ್ನೊಂದು ನಾಟಕ, ಅದರಲ್ಲಿ ಅಕ್ಕನ ಹಾಡಿಲ್ಲ. ಇಡೀ ದಿನ ಯೋಚನೆಗೆ ಬಿಡುವು. ಮೊದಲು ನನ್ನ ಪರ ನಾನೇ ವಾದ ಮಾಡಿದೆ. ಇನ್ನೂ ಹನ್ನೊಂದು ಪ್ರದರ್ಶನ ಇವೆ. ದನಿ ಪೂರಾ ಹೋದರೆ? ಒಳ್ಳೇದಕ್ಕೇ ಅಲ್ವಾ ಮಾಡಿದ್ದು? ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಹಾಗಾದರೆ ಕೇಳಲಿಲ್ಲ ಯಾಕೆ? ಉತ್ತರ ಗೊತ್ತಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಈ ತಿರುಗಾಟದಲ್ಲಿ ನಮಗೆ ನಮ್ಮದು ಅಂತ ಏನಿದೆ ಹೇಳಿ? ಯಾವ ಊರು ಅಂತ ಮ್ಯಾನೇಜರ್ ಹೇಳಬೇಕು. ಎಲ್ಲಿ ಮಲಗೋದು ಅಂತ ಊರಿನವರು ಹೇಳಬೇಕು. ಊಟ ಅವರು ಬಡಿಸಿದ್ದು, ಸ್ನಾನ ನಲ್ಲಿ ಬಂದಾಗ. ಉಡೋ ಸೀರೆ ತಂಡದ್ದು, ಆಡೋ ಮಾತು ಬರೆದವರದ್ದು. ಕಂಪನಿಯಲ್ಲಾದರೆ ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು. ಅಕ್ಕ ಬಾಡಿಗೆ ಕೋಣೆ ಹಿಡಿದು, ಸ್ಟವ್ ಹಚ್ಚಿ, ತಮಗೆ ಬೇಕಾದಷ್ಟು ಖಾರ ಹಾಕಿಕೊಂಡು ಉಂಡವರು. ಕೆಲವು ಊರಲ್ಲಿ ನಾಟಕದವರಿಗೆ ಮನೆ ಕೊಡಲ್ಲ ಅಂತ ಬಾಗಿಲು ಹಾಕಿಸಿಕೊಂಡವರೂ ಹೌದು. ಬಾಗಿಲು ಹಾಕಿದವರೇ ರಾತ್ರಿ ಮುಂದಿನ ಕುರ್ಚಿಯಲ್ಲಿ! ಇಲ್ಲಿ ಆ ಕೋಣೆಯೂ ಇಲ್ಲ. ಇದ್ದದ್ದು ಒಂದು ಮನೆ. ಟಿಕಳಿ ಅಂಟಿಸಿದ್ದು. ಅದರಿಂದಲೂ ನಾನು ಅವರನ್ನು ಹೊರಗೆ ಹಾಕಿದೆ, ಅವರ ಆರೋಗ್ಯದ ಹೆಸರು ಹೇಳಿ.

ಹೋದ ವರ್ಷ ಅಪ್ಪ ಸೈಕಲ್ಲಿನಿಂದ ಒಂದು ಸಲ ಬಿದ್ದರು. ಪೆಟ್ಟೇನೂ ಆಗಿರಲಿಲ್ಲ. ನಾನು, ತಮ್ಮ ಮಾತಾಡಿಕೊಂಡು ಆ ಸೈಕಲ್ಲನ್ನು ಹಾಲಿನ ಹುಡುಗನಿಗೆ ಕೊಟ್ಟುಬಿಟ್ಟೆವು. ಅಪ್ಪ ಕೊಟ್ಟಿಗೆಗೆ ಹೋಗಿ ನೋಡಿ ಬಂದು, "ಸೈಕಲ್ ಎಲ್ಲೋ?" ಅಂದರು. ಹೇಳಿದೆವು. "ಹೂಂ" ಅಂದರು, ಅಷ್ಟೇ. ಈ ಎರಡು ದಿನ ಆ 'ಹೂಂ' ಕೂಡ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಿದೆ.

ನಿನ್ನೆ ಲಕ್ಷ್ಮೇಶ್ವರ. ಮತ್ತೆ ಅದೇ ನಾಟಕ. ಸಂಜೆ ಅಕ್ಕ ಶಾಲೆಯ ಬೆಂಚಿನ ಮೇಲೆ ಕನ್ನಡಿ ಒರಗಿಸಿಕೊಂಡು ಜಡೆಗೆ ಸವರಿ ಕಟ್ಟಿಕೊಳ್ಳುತ್ತಿದ್ದರು. ದನಿ ಇನ್ನೂ ಪೂರಾ ತಿಳಿಯಾಗಿಲ್ಲ, ಮಾತಾಡಿದರೆ ಗೊತ್ತಾಗುತ್ತಿತ್ತು. ತಬಲಾ ಹುಡುಗ ಎರಡೂ ತಬಲಾ ಮುಂದಿಟ್ಟುಕೊಂಡು, ಸುತ್ತಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದ.

"ಅಕ್ಕ, ಇವತ್ತು ಯಾವ ಸುರ ಹಿಡೀಲಿ?"

ಬಾಯಲ್ಲಿದ್ದ ಹೇರ್‌ಪಿನ್ನು ತೆಗೆದು ಜಡೆಗೆ ಸಿಗಿಸಿದರು. ಒಂದು ಸಲ ಸಣ್ಣಗೆ ಗುನುಗಿ ನೋಡಿಕೊಂಡರು. ಮತ್ತೊಂದು ಸಲ ಗುನುಗಿದರು.

"ಬಿಳಿ ಐದ ಹಿಡೀರಿ."

ಟಿಕಳಿಯ ಎಡಕ್ಕಿರೋ ಬಿಳಿ ಮನೆ. ಅರ್ಧ ಸ್ವರ ಕೆಳಗೆ. ಹುಡುಗ ಸುತ್ತಿಗೆಯಿಂದ ತಬಲಾದ ಮರದ ಗಟ್ಟಾ ತಟ್ಟಲು ಶುರು ಮಾಡಿದ. ನಾನು ಪೇಟಿ ತೆರೆದು ಬೆರಳು ಪಕ್ಕಕ್ಕೆ ಸರಿಸಿದೆ.

"ಟಿಕಳಿ ಕೀಳಬ್ಯಾಡ್ರಿ ಮತ್ತ" ಅಂದರು ಅಕ್ಕ, ಕನ್ನಡಿ ನೋಡಿಕೊಂಡೇ. "ಅಲ್ಲೇ ಇರ್ಲಿ ಅದು."