ಅಡಿಕೆ ಸುಲಿಯುವಾಗ ಹುಟ್ಟುವ ಮಾತು

ತೀರ್ಥಹಳ್ಳಿ, ಹೊಸನಗರದ ಕಡೆ ಹಳ್ಳಿಯಿಂದ ಪೇಟೆಯ ಹೈಸ್ಕೂಲಿಗೆ ಹೋಗುವ ಮಕ್ಕಳು ಬೆಳಿಗ್ಗೆ ಏಳೂವರೆಗೆಲ್ಲ ಬಸ್ಸು ಹತ್ತಿರುತ್ತಾರೆ. ಸಂಜೆ ಮನೆ ಮುಟ್ಟುವಾಗ ಹಸಿವು, ಮಳೆಗಾಲವಾದರೆ ಒದ್ದೆ ಬಟ್ಟೆ, ದಿನವಿಡೀ ಬೇರೆಯವರ ಮಾತು ಕೇಳಿ ದಣಿದ ತಲೆ. ಆಗ ಜಗಲಿಯಿಂದಲೇ "ಟೆಸ್ಟ್ ಪೇಪರ್ ಕೊಟ್ರಾ? ಎಷ್ಟು ಬಂತು?" ಎಂದರೆ, ಕೊಟ್ಟಿದ್ದರೂ "ಇನ್ನೂ ಇಲ್ಲ" ಎಂಬ ಉತ್ತರವೇ ಬರುತ್ತದೆ. ಮೊದಲ ಅರ್ಧ ಗಂಟೆ ಏನನ್ನೂ ಕೇಳಬೇಡಿ. ಬಚ್ಚಲಲ್ಲಿ ಬಿಸಿನೀರು, ಒಣಬಟ್ಟೆ, ತಿನ್ನಲು ಏನಾದರೂ ಇದ್ದರೆ ಸಾಕು.

"ಬಾ ಇಲ್ಲಿ, ಕೂತ್ಕೋ, ಸ್ವಲ್ಪ ಮಾತಾಡಬೇಕು" ಎಂಬ ಕರೆ ಹದಿನಾಲ್ಕು, ಹದಿನೈದರ ಕಿವಿಗೆ ಪಂಚಾಯ್ತಿಕೆಯ ಕರೆಯ ಹಾಗೆ ಕೇಳುತ್ತದೆ. ಈ ವಯಸ್ಸಿನವರು ಎದುರು ಕೂತಾಗ ಮುಚ್ಚಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂತಾಗ ಬಿಚ್ಚಿಕೊಳ್ಳುತ್ತಾರೆ. ಮಲೆನಾಡಿನ ಮನೆಗಳಿಗೆ ಇದಕ್ಕೆ ಒಂದು ಒಳ್ಳೆಯ ಅನುಕೂಲವಿದೆ: ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಸಂಜೆ. ಕಣ್ಣು ಮೆಟ್ಟುಗತ್ತಿಯ ಮೇಲಿರುತ್ತದೆ, ಕೈಗೆ ಕೆಲಸವಿರುತ್ತದೆ, ಮಾತು ನಡುವೆ ನಿಂತರೂ ಯಾರಿಗೂ ಇರಿಸುಮುರಿಸಾಗುವುದಿಲ್ಲ. ಈಗ ಬಹಳ ಮನೆಗಳಲ್ಲಿ ಸುಲಿಯುವ ಯಂತ್ರ ಬಂದಿದೆ, ಅದರ ಗದ್ದಲದಲ್ಲಿ ಮಾತಾಡಲಾಗುವುದಿಲ್ಲ. ಹಾಗಿದ್ದರೆ ತೋಟಕ್ಕೆ ನೀರು ಬಿಡಲು ಹೋಗುವಾಗ, ಅಂಗಳದ ಅಡಿಕೆ ಒಟ್ಟುಮಾಡುವಾಗ, ಬಚ್ಚಲೊಲೆಯ ಮುಂದೆ, ಶಿವಮೊಗ್ಗದ ಮನೆಯಾದರೆ ತರಕಾರಿ ಹೆಚ್ಚುವಾಗ. ಇಪ್ಪತ್ತು ನಿಮಿಷ ಸಾಕು. ಆದರೆ ಆ ಕೆಲಸವನ್ನು ಎಂದೂ ಶಿಕ್ಷೆಯಾಗಿ ಕೊಡಬೇಡಿ. ಕೊಟ್ಟರೆ ಮಾತಿನ ಆ ಜಾಗವೂ ಕೈತಪ್ಪುತ್ತದೆ.

ಇನ್ನು ಪ್ರಶ್ನೆ. "ಸ್ಕೂಲ್ ಹೇಗಿತ್ತು?" ಎಂದರೆ "ಚೆನ್ನಾಗಿತ್ತು", ಮುಗಿಯಿತು. "ಹೊಸ ಗಣಿತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಹೇಳ್ತಾರಾ, ಬಾಯಲ್ಲೇ ಹೇಳಿಬಿಡ್ತಾರಾ?" ಎಂದರೆ ಎರಡು ವಾಕ್ಯವಾದರೂ ಬರುತ್ತದೆ, ಏಕೆಂದರೆ ಅದು ಮಗುವಿನ ಪರೀಕ್ಷೆ ಅಲ್ಲ, ಮಗುವಿನ ಅಭಿಪ್ರಾಯ. "ಯಾಕೆ" ಎಂಬ ಪದವನ್ನು ಆದಷ್ಟು ಬಿಡಿ, "ಏನಾಯ್ತು" ಬಳಸಿ. "ಯಾಕೆ ಹೀಗ್ ಮಾಡ್ದೆ" ಎಂದಾಗ ಮಕ್ಕಳು ಸಮರ್ಥನೆ ಹುಡುಕುತ್ತಾರೆ, "ಏನಾಯ್ತು" ಎಂದಾಗ ನಡೆದದ್ದು ಹೇಳುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ದೊಡ್ಡವರು ಮೂರಕ್ಕೇ ಬಾಯಿ ಹಾಕುವುದರಿಂದ ಎಷ್ಟೋ ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

"ನಾಳೆಯಿಂದ ಟ್ಯೂಷನ್‌ಗೆ ಹೋಗಲ್ಲ" ಎಂದಿತು ಮಗು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಬರುವ ಉತ್ತರಗಳು: "ಫೀಸ್ ಕಟ್ಟಿ ಆಗಿದೆ", "ನಿನ್ನ ದೊಡ್ಡಪ್ಪನ ಮಗಳು ನೋಡು", "ನಮ್ಮ ಕಾಲದಲ್ಲಿ". ಮೂರರಲ್ಲಿ ಯಾವುದೇ ಬಂದರೂ ಟ್ಯೂಷನ್ನಿನಲ್ಲಿ ಏನಾಗಿದೆ ಎಂಬುದು ನಿಮಗೆ ಗೊತ್ತಾಗುವುದೇ ಇಲ್ಲ. ಮೊದಲು ಅದರ ಮಾತನ್ನೇ ತಿರುಗಿ ಹೇಳಿ: "ಹೋಗೋದೇ ಬೇಡ ಅನ್ನಿಸಿದೆ. ಏನಾಯ್ತು ಅಲ್ಲಿ?" ಪೂರ್ತಿ ಕೇಳಿ. ಆಮೇಲೆ, "ನಾನು ಸುಮ್ನೆ ಕೇಳಿದ್ರೆ ಸಾಕಾ, ಏನಾದ್ರೂ ಮಾಡ್ಬೇಕಾ?" ಈ ಲೇಖನದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೇಳದೆ ಕೊಟ್ಟ ಸಲಹೆಯನ್ನು ಮಕ್ಕಳು ಬೈಗುಳದ ಲೆಕ್ಕಕ್ಕೇ ಸೇರಿಸುತ್ತಾರೆ.

ಜಗಳ ಏರಿದಾಗ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆವೇಶಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. "ಈಗ ಇಬ್ಬರಿಗೂ ಸಿಟ್ಟು ಬಂದಿದೆ, ಊಟ ಆದ್ಮೇಲೆ ಮಾತಾಡೋಣ" ಎಂದು ಹೊತ್ತು ಹೇಳಿ ಎದ್ದುಬಿಡಿ. ಹೇಳಿದ ಹೊತ್ತಿಗೆ ನೀವೇ ಮೊದಲು ಬರಬೇಕು, ಇಲ್ಲವಾದರೆ ಅದು ಮುಖ ತಿರುಗಿಸಿ ಹೋದಂತೆಯೇ.

ನಮ್ಮ ಕಡೆ ನಂಬಿಕೆ ಕೆಡುವುದು ಹೆಚ್ಚಾಗಿ ನೆಂಟರಿಷ್ಟರ ನಡುವೆ. ಮಗು ರಾತ್ರಿ ಹೇಳಿದ್ದನ್ನು ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಾರೆ, ಭಾನುವಾರದ ಗೃಹಪ್ರವೇಶದ ಪಂಕ್ತಿಯಲ್ಲಿ ಮಾವ ಅದನ್ನೇ ನಗುತ್ತಾ ಕೇಳುತ್ತಾರೆ. ಅಲ್ಲಿಗೆ ಆ ಬಾಗಿಲು ವರ್ಷಗಟ್ಟಲೆ ಮುಚ್ಚಿತು. ಯಾವುದು ನಿಮ್ಮಲ್ಲೇ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಮೊದಲೇ ಹೇಳಿಡಿ. ಉಳಿಯದವು ಇವು: ಜೀವಕ್ಕೆ ಅಪಾಯ, ಯಾರಾದರೂ ಮೈ ಮುಟ್ಟಿ ಕಾಡುವುದು, ಹೆದರಿಸಿ ಹಣ ಅಥವಾ ಫೋಟೋ ಕೇಳುವುದು. ಇವಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ಮಗುವಿನ ಸ್ವಂತದ್ದು.

ಫೋನಿನ ವಿಷಯ ರಾತ್ರಿ ಹನ್ನೊಂದಕ್ಕೆ ಎತ್ತಬೇಡಿ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ತಡವಾಗಿ ಏರುವುದರಿಂದ ಮಕ್ಕಳಿಗೆ ಬೇಗ ನಿದ್ದೆ ಬರದಿರುವುದು ಸೋಮಾರಿತನವಲ್ಲ. ಆದರೂ 13ರಿಂದ 18 ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದವರು ಹತ್ತಕ್ಕೆ ಮಲಗಲೇಬೇಕು. ಈ ಲೆಕ್ಕವನ್ನು ಹಗಲು ಹೊತ್ತಿನಲ್ಲಿ ಮಗುವಿನ ಕೈಯಲ್ಲೇ ಹಾಕಿಸಿ. ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ, ಅಪ್ಪನದ್ದೂ ಸೇರಿ, ನಡುಮನೆಯಲ್ಲಿ ಒಂದೇ ಕಡೆ ಚಾರ್ಜಿಗಿರಲಿ. ಅಪ್ಪನ ಫೋನು ಹಾಸಿಗೆಗೆ ಹೋದರೆ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ಎಸ್‌ಎಸ್‌ಎಲ್‌ಸಿ ಬಗ್ಗೆ ಫಲಿತಾಂಶಕ್ಕೆ ಮೊದಲೇ ಒಂದು ಮಾತು ಆಗಿರಬೇಕು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು. "ಕಡಿಮೆ ಬಂದ್ರೆ ಮುಂದಿನದು ಬರೆಯೋಣ, ಆ ದಿನ ನಾನು ಮನೇಲೇ ಇರ್ತೀನಿ" ಎಂದು ಹೇಳಿ, ಇರಿ.

ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿದವರಿಗೆ ಗೊತ್ತುಮಾಡಿಕೊಂಡ ಹೊತ್ತಿಗೆ ಫೋನ್ ಮಾಡಿ. ಓದಿನ ವಿಚಾರಕ್ಕೆ ಮೊದಲು ದನ ಕರು ಹಾಕಿದ್ದು, ಹಳ್ಳ ಏರಿದ್ದು ಹೇಳಿ. ನೀವು ಮನೆಯ ಸುದ್ದಿ ಕೊಟ್ಟರೆ ಅವರು ಅಲ್ಲಿನದು ಕೊಡುತ್ತಾರೆ.

ಮೌನವೆಲ್ಲ ವಯಸ್ಸಿನದ್ದಲ್ಲ. ಎರಡು ವಾರ ಮೀರಿ ಊಟ, ನಿದ್ದೆ, ಗೆಳೆಯರು, ಇಷ್ಟದ ಆಟ ಎಲ್ಲವೂ ಬಿಟ್ಟುಹೋಗಿದ್ದರೆ, "ನಾನಿಲ್ಲದಿದ್ರೇ ಒಳ್ಳೇದು" ಎಂಬಂಥ ಮಾತು ಒಮ್ಮೆ ಬಂದರೂ ಸರಿ, ಕಾಯಬೇಡಿ. "ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳನ್ನು ಅದೇ ದಿನ ಬೀಗದೊಳಗಿಟ್ಟು ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಮರುದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಮಗು ಒಳಗೆ ಒಂಟಿಯಾಗಿ ಮಾತಾಡಲಿ, ನೀವು ಹೊರಗಿನ ಬೆಂಚಿನಲ್ಲಿ ಕೂತಿರಿ. ವಾಪಸು ಬರುವ ದಾರಿಯಲ್ಲಿ "ಒಳಗೇನು ಹೇಳಿದೆ?" ಎಂದು ಕೇಳಬೇಡಿ.